ಹೈದರನೂ ಕಡಲೂ: ಒಂದು ಹಳೆಯ ಪ್ರಶ್ನೆಗೆ ತಡವಾದ ಉತ್ತರ

ಹೆಬ್ಬಳ್ಳಿಯಿಂದ ಕಡಲು ಬಲು ದೂರ. ನಮ್ಮದು ಎರೆ ಭೂಮಿಯ ಊರು. ಜೋಳ, ಕಡಲೆ, ಹತ್ತಿ ಬೆಳೆಯುವ ನೆಲ. ಧಾರವಾಡದಲ್ಲಿ ಒಂದು ಓಣಿ ಇಂದಿಗೂ ಹೆಬ್ಬಳ್ಳಿ ಅಗಸಿ ಎಂದು ನಮ್ಮೂರ ಹೆಸರನ್ನು ಹೊತ್ತು ನಿಂತಿದೆ. ಹಿಂದೆ ಈ ಸೀಮೆಯ ಹತ್ತಿ ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರಿಗೆ ಹೋಗಿ, ಅಲ್ಲಿಂದ ಮುಂಬಯಿಗೆ ಹಡಗೇರುತ್ತಿತ್ತು. ಬೆಳೆದವರು ನಾವಾದರೂ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ನಮಗೂ ಕಡಲಿಗೂ ಇದ್ದ ನಂಟು ಅಷ್ಟೇ ಎಂದು ನಾನು ಬಹುಕಾಲ ನಂಬಿದ್ದೆ.

ಎಂಬತ್ತರ ದಶಕದ ಆರಂಭದಲ್ಲಿ ಒಮ್ಮೆ ಹತ್ತನೆಯ ತರಗತಿಗೆ ಎರಡನೆಯ ಮಹಾಯುದ್ಧದ ಪಾಠ ನಡೆದಿತ್ತು. ಪುಸ್ತಕದಲ್ಲಿ ಮಿಡ್‌ವೇ ಕಾಳಗಕ್ಕೆ ಮೀಸಲಾದದ್ದು ಒಂದೇ ವಾಕ್ಯ. ನನಗೆ ಅಷ್ಟಕ್ಕೆ ಸಮಾಧಾನವಾಗದೆ ಕರಿಹಲಗೆಯ ಮೇಲೆ ಪೆಸಿಫಿಕ್ ಮಹಾಸಾಗರವನ್ನು ಬರೆದು, ಜಪಾನಿನ ಅಕಾಗಿ, ಕಾಗಾ, ಸೊರ್ಯು, ಹಿರ್ಯು ಎಂಬ ನಾಲ್ಕು ವಿಮಾನವಾಹಕ ನೌಕೆಗಳನ್ನು ಒಂದು ಕಡೆಗೂ, ಅಮೆರಿಕೆಯ ಎಂಟರ್‌ಪ್ರೈಸ್, ಹಾರ್ನೆಟ್, ಯಾರ್ಕ್‌ಟೌನ್‌ಗಳನ್ನು ಇನ್ನೊಂದು ಕಡೆಗೂ ಗುರುತಿಸಿದೆ. 1942ರ ಜೂನ್ 4ರಂದು ಆರಂಭವಾದ ಆ ಕಾಳಗದಲ್ಲಿ ಎರಡೂ ಪಡೆಗಳ ಹಡಗುಗಳು ಒಂದನ್ನೊಂದು ಕಣ್ಣಿನಿಂದ ಕಾಣಲೇ ಇಲ್ಲ, ಕಾದಿದ್ದೆಲ್ಲ ವಿಮಾನಗಳೇ ಎಂದು ಹೇಳಿ, ಜಪಾನಿನ ನಾಲ್ಕು ನೌಕೆಗಳನ್ನೂ ಯಾರ್ಕ್‌ಟೌನನ್ನೂ ಒಂದೊಂದಾಗಿ ಅಳಿಸಿದೆ. ತರಗತಿ ನಿಶ್ಶಬ್ದವಾಗಿತ್ತು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸರ್ರ, ನಮ್ಮ ಕಡೇ ರಾಜರ ಹತ್ರ ಇಂಥಾ ಹಡಗ ಇದ್ದಿದ್ದಿಲ್ಲೇನ್ರಿ?”

“ಇಲ್ಲಪ್ಪ, ನಮ್ಮವರದು ಕುದುರೆಯ ಮೇಲಿನ ಯುದ್ಧ” ಎಂದು ಹೇಳಿ ಅವನನ್ನು ಕುಳ್ಳಿರಿಸಿದೆ.

ಅದು ತಪ್ಪು ಉತ್ತರ. ನಿವೃತ್ತನಾದ ಮೇಲೆ ಬಿಡುವಾಗಿ ಓದುವಾಗ, ಅದು ಎಂಥ ತಪ್ಪು ಎಂಬುದು ಮನಸ್ಸಿಗೆ ಬಂತು. ಕರ್ನಾಟಕದ ರಾಜರಿಗೆ ಹಡಗುಗಳಿದ್ದವು ಎಂಬುದಷ್ಟೇ ಅಲ್ಲ; ಮೈಸೂರು ರಾಜ್ಯದ ಬಹುದೊಡ್ಡ ಯುದ್ಧವೊಂದರ ಗತಿ, ನಮ್ಮ ಧಾರವಾಡವೂ ಆ ರಾಜ್ಯದ ಕೈಯಲ್ಲಿದ್ದ ಕಾಲದಲ್ಲಿಯೇ, ಕಡಲ ಮೇಲೆ ತೀರ್ಮಾನವಾಗಿತ್ತು. ಓದುಗರು ತಾಳ್ಮೆಯಿಂದ ಕೇಳುವುದಾದರೆ ಆ ಕಥೆಯನ್ನು ಇಲ್ಲಿ ಬರೆಯುತ್ತೇನೆ.

ಹೈದರ್ ಅಲಿ 1763ರಲ್ಲಿ ಬಿದನೂರನ್ನು ಗೆದ್ದಾಗ ಕೆಳದಿ ಅರಸರ ಭಂಡಾರದೊಡನೆ ಮಂಗಳೂರು, ಹೊನ್ನಾವರಗಳಂಥ ಬಂದರುಗಳೂ ಅವನ ಕೈಸೇರಿದವು. ಒಳನಾಡಿನ ಈ ಸೇನಾನಿ ತಡಮಾಡದೆ ಹಡಗು ಕಟ್ಟಿಸತೊಡಗಿದ. ಘಟ್ಟದ ತೇಗ ಕೈಯಳತೆಯಲ್ಲಿತ್ತು; ಕರಾವಳಿಯಲ್ಲಿ ಕಸುಬುದಾರರಿದ್ದರು. ಆದರೆ ಹಡಗು ಕಟ್ಟುವುದು ಬೇರೆ, ನೌಕಾಪಡೆ ಕಟ್ಟುವುದು ಬೇರೆ. 1768ರಲ್ಲಿ ಮುಂಬಯಿಯಿಂದ ಇಂಗ್ಲಿಷರ ದಂಡು ಬಂದಾಗ ಹೈದರನ ಹಡಗುಗಳಲ್ಲಿ ಬಹಳಷ್ಟು ಕಾದದೆಯೇ ಎದುರಾಳಿಯ ಕಡೆ ಸೇರಿಕೊಂಡವು. ಕುದುರೆಪಡೆಯ ಅಧಿಕಾರಿಯಾಗಿದ್ದ ಲತೀಫ್ ಅಲಿ ಬೇಗನನ್ನು ತಂದು ನಾವಿಕರ ತಲೆಯ ಮೇಲೆ ಕೂರಿಸಿದ್ದು ಅದಕ್ಕೆ ಕಾರಣವೆಂದು ವಿಲ್ಕ್ಸ್ ಬರೆಯುತ್ತಾನೆ. (ಕುದುರೆ ಬಲ್ಲವನು ಹಡಗನ್ನೂ ಬಲ್ಲನೆಂಬ ನಂಬಿಕೆ ನಮ್ಮ ಇಲಾಖೆಗಳಲ್ಲಿ ಈಗಲೂ ಉಂಟು!)

ಹೈದರ್ ಮತ್ತೆ ಕಟ್ಟಿಸಿದ. 1780ರ ಜುಲೈಯಲ್ಲಿ ಅವನು ಕರ್ನಾಟಿಕ್ ಪ್ರದೇಶಕ್ಕೆ ನುಗ್ಗಿ, ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯನ್ನು ನುಚ್ಚುನೂರು ಮಾಡಿದ್ದು ನಮ್ಮ ಪಠ್ಯಪುಸ್ತಕಗಳಲ್ಲಿ ಬರುತ್ತದೆ. ಮೂರು ತಿಂಗಳ ಬಳಿಕ ಡಿಸೆಂಬರ್ 8ರಂದು ಮಂಗಳೂರಿನಲ್ಲಿ ನಡೆದದ್ದನ್ನು ನಾನು ಯಾವ ಪಠ್ಯದಲ್ಲಿಯೂ ಕಂಡವನಲ್ಲ. ಅಂದು ಇಂಗ್ಲಿಷ್ ನೌಕಾಧಿಪತಿ ಸರ್ ಎಡ್ವರ್ಡ್ ಹ್ಯೂಸ್ ತನ್ನ ದೋಣಿಗಳನ್ನು ಬಂದರಿನೊಳಕ್ಕೆ ನುಗ್ಗಿಸಿ ಮೈಸೂರಿನ ಹಡಗುಗಳನ್ನು ಸುಡಿಸಿದ. ಎರಡು ದೊಡ್ಡ ಹಡಗುಗಳೂ ಹಲವು ಚಿಕ್ಕ ನೌಕೆಗಳೂ ಹಾಳಾದವು. ಹ್ಯೂಸನ 74 ತೋಪುಗಳ ‘ಸೂಪರ್ಬ್’ ಎಂಬ ಹಡಗಿಗೆ ಹೋಲಿಸುವಂಥದು ಅವುಗಳಲ್ಲಿ ಒಂದೂ ಇರಲಿಲ್ಲ. ಪೊಳ್ಳಿಲೂರಿನಲ್ಲಿ ಗೆದ್ದವನು ಮಂಗಳೂರಿನಲ್ಲಿ ಬರಿಗೈಯಾದ. ಅಲ್ಲಿಂದ ಮುಂದೆ ಹೈದರನಿಗೆ ಉಳಿದದ್ದು ಎರವಲು ಹಡಗುಗಳು, ಎಂದರೆ ಫ್ರೆಂಚರವು.

ಹಡಗು ಅವನಿಗೆ ಏತಕ್ಕೆ ಬೇಕಾಗಿತ್ತೆಂಬುದು ಇಲ್ಲಿ ಮುಖ್ಯ. ಹೈದರನ ಕುದುರೆಪಡೆ ಮದರಾಸಿನ ಸುತ್ತಣ ಸೀಮೆಯನ್ನು ಸುಟ್ಟು ಬರಿದು ಮಾಡಿತ್ತು. ಇಂಗ್ಲಿಷ್ ಸೇನಾಪತಿ ಐರ್ ಕೂಟನಿಗೆ ನೆಲದಿಂದ ಒಂದು ಹಿಡಿ ಅಕ್ಕಿ ದೊರೆಯದು. ಬಂದದ್ದೆಲ್ಲ ಕಡಲ ಮೇಲಿಂದಲೇ ಬರಬೇಕು. 1781ರ ಆರಂಭದಲ್ಲಿ ಕೂಟ್ ಕಡಲೂರಿನಲ್ಲಿ ಸಿಕ್ಕಿಬಿದ್ದಿದ್ದ. ಹ್ಯೂಸ್ ಪಶ್ಚಿಮ ಕರಾವಳಿಯಲ್ಲಿದ್ದ. ಅದೇ ಹೊತ್ತಿಗೆ ದ’ಓರ್ವ್ ಎಂಬ ಫ್ರೆಂಚ್ ನೌಕಾಧಿಪತಿ ಆರು ದೊಡ್ಡ ಯುದ್ಧನೌಕೆಗಳೊಂದಿಗೆ ಆ ತೀರಕ್ಕೆ ಬಂದ. ಅವನು ಕೆಲವು ವಾರ ಅಲ್ಲಿಯೇ ನಿಂತಿದ್ದರೆ ಸಾಕಿತ್ತು, ಕೂಟನ ಸೈನ್ಯ ಹಸಿವಿನಿಂದಲೇ ಶರಣಾಗುತ್ತಿತ್ತು. ಹೈದರ್ ಬೇಡಿಕೊಂಡ. ದ’ಓರ್ವ್ ಫೆಬ್ರವರಿ ನಡುವೆ ಲಂಗರು ಕಿತ್ತು ಮಾರಿಷಸ್ ದ್ವೀಪದ ಕಡೆಗೆ ಹೊರಟುಹೋದ. ಜುಲೈ 1ರಂದು ಪೋರ್ಟೊ ನೋವೊದಲ್ಲಿ ಕೂಟ್ ಹೈದರನನ್ನು ಸೋಲಿಸಿದ. ನನ್ನ ಮಟ್ಟಿಗೆ ಎರಡನೆಯ ಮೈಸೂರು ಯುದ್ಧ ಸೋತದ್ದು ಆ ಜುಲೈಯಲ್ಲಲ್ಲ, ಫೆಬ್ರವರಿಯಲ್ಲಿ.

ಮರುವರ್ಷ ಬೇರೆ ಬಗೆಯ ಮನುಷ್ಯನೊಬ್ಬ ಬಂದ. ದ’ಓರ್ವ್ 1782ರ ಫೆಬ್ರವರಿಯಲ್ಲಿ ಕಡಲಿನಲ್ಲಿಯೇ ತೀರಿಕೊಂಡಾಗ ಫ್ರೆಂಚ್ ಪಡೆಯ ಅಧಿಕಾರ ಸಫ್ರೆನ್‌ನ ಕೈಗೆ ಬಂತು. ಧಡೂತಿ ದೇಹ, ಮುಂಗೋಪ, ಉಡುಪಿನ ಪರಿವೆಯಿಲ್ಲ. ಆದರೆ ಕಾಳಗದಲ್ಲಿ ಅವನಿಗೆ ಸರಿಸಾಟಿಯಾದವರು ಫ್ರೆಂಚ್ ನೌಕಾಪಡೆಯಲ್ಲಿ ವಿರಳ. ಅವನ ಧ್ವಜನೌಕೆ 74 ತೋಪುಗಳ ‘ಎರೋ’, ಎಂದರೆ ‘ವೀರ’. ಸೋಜಿಗವೆಂದರೆ ಹ್ಯೂಸನ ಸಾಲಿನಲ್ಲಿಯೂ ಅದೇ ಅರ್ಥದ ‘ಹೀರೋ’ ಎಂಬ ಹಡಗಿತ್ತು. ಸಫ್ರೆನ್ ಜೊತೆಗೆ ‘ಆನಿಬಾಲ್’, ‘ಓರಿಯಾನ್’, ‘ಸೆವೇರ್’, ‘ಸ್ಫಿಂಕ್ಸ್’, ‘ಬ್ರಿಯಾನ್’ ಮೊದಲಾದವು. ಹ್ಯೂಸನ ಕಡೆ ‘ಸೂಪರ್ಬ್’, ‘ಎಕ್ಸೆಟರ್’, ‘ಮಾನ್‌ಮೌತ್’, ‘ಬರ್ಫರ್ಡ್’, ‘ವೂಸ್ಟರ್’.

ಮಿಡ್‌ವೇಯಲ್ಲಿ ಹಡಗುಗಳು ಪರಸ್ಪರ ಕಾಣಲಿಲ್ಲ ಎಂದೆನಲ್ಲ. ಇಲ್ಲಿ ಎದುರು ಹಡಗಿನವನ ಮುಖ ಕಾಣುವಷ್ಟು ಹತ್ತಿರ. ಹಡಗುಗಳು ಒಂದರ ಹಿಂದೊಂದು ಸಾಲುಗಟ್ಟಿ, ಪಕ್ಕೆಯ ತೋಪುಗಳನ್ನೆಲ್ಲ ಒಮ್ಮೆಗೇ ಹಾರಿಸಬೇಕು. ಚಲಿಸುವುದು ಗಾಳಿಯಿಂದ ಮಾತ್ರ. ಹ್ಯೂಸ್ ಸಾಲು ಕೆಡದಂತೆ ನಿಲ್ಲುವವನು. ಸಫ್ರೆನ್ ಎದುರು ಸಾಲಿನ ಒಂದು ಭಾಗದ ಮೇಲೆ ತನ್ನ ಬಲವನ್ನೆಲ್ಲ ಹೇರಲು ಬಯಸುವವನು. ಅವನ ಯೋಜನೆ ಹೆಚ್ಚಿನವರಿಗೆ ಅರ್ಥವಾಗಲಿಲ್ಲ, ಅರ್ಥವಾದವರಿಗೆ ಮನಸ್ಸಿರಲಿಲ್ಲ.

ಮೊದಲ ಕಾಳಗ ಫೆಬ್ರವರಿ 17ರಂದು ಸದ್ರಾಸಿನ ಎದುರು ನಡೆಯಿತು. ಹ್ಯೂಸನ ಒಂಬತ್ತು ಹಡಗುಗಳಲ್ಲಿ ಸೂಪರ್ಬ್ ಮತ್ತು ಎಕ್ಸೆಟರ್‌ಗಳು ಜರ್ಜರಿತವಾದವು. ಎರಡರ ಕಪ್ತಾನರೂ ಸತ್ತರು. ಆದರೆ ಫ್ರೆಂಚರ ಹಲವು ಹಡಗುಗಳು ದೂರದಲ್ಲಿಯೇ ಉಳಿದವು. ಏಪ್ರಿಲ್ 12ರಂದು ಸಿಂಹಳದ ಪೂರ್ವತೀರದ ಪ್ರಾವಿಡಿಯೆನ್ ಎಂಬಲ್ಲಿ ಎರಡನೆಯದು. ಸತ್ತವರು ಎರಡೂ ಕಡೆ ಸರಿಸಮನಾಗಿ 137. ಎರಡು ಕೂವೆಮರಗಳು ಮುರಿದರೂ ಮಾನ್‌ಮೌತಿನ ಕಪ್ತಾನ ಆಲ್ಮ್ಸ್ ಶರಣಾಗಲಿಲ್ಲ.

ಇದಾದ ಮೇಲೆ ಸಫ್ರೆನ್‌ಗೆ ಮಾರಿಷಸ್‌ಗೆ ಮರಳುವಂತೆ ಆಜ್ಞೆ ಬಂತು. ಅವನು ಪಾಲಿಸಲಿಲ್ಲ. ತಾನು ತೀರ ಬಿಟ್ಟರೆ ಹೈದರನ ವಿಶ್ವಾಸ ಮುರಿಯುತ್ತದೆಂಬುದನ್ನು ಅವನೊಬ್ಬ ಕಂಡುಕೊಂಡಿದ್ದ. ಹಡಗು ದುರಸ್ತಿಗೆ ಅವನಿಗೆ ಬಂದರಿರಲಿಲ್ಲ. ಚಿಕ್ಕ ನೌಕೆಗಳ ಕೂವೆಮರ ಕಿತ್ತು ದೊಡ್ಡವಕ್ಕೆ ನಿಲ್ಲಿಸಿದ, ಕಡಲೂರಿನ ಮನೆಗಳ ತೊಲೆಗಳನ್ನೂ ಬಿಡಲಿಲ್ಲ.

ಜುಲೈ 6ರಂದು ನಾಗಪಟ್ಟಣದ ಎದುರು ಹನ್ನೊಂದಕ್ಕೆ ಹನ್ನೊಂದು. ಭೂಗೋಳದ ಪಾಠದಲ್ಲಿ ನಾವು ಕಲಿಸುವ ಕಡಲಗಾಳಿ ಅಂದು ಕಾಳಗದ ನಡುವೆಯೇ ದಿಕ್ಕು ತಿರುಗಿ ಎರಡೂ ಸಾಲುಗಳನ್ನು ಚೆಲ್ಲಾಪಿಲ್ಲಿ ಮಾಡಿತು. ಸೆವೇರ್ ಹಡಗಿನ ಕಪ್ತಾನ ಹೆದರಿ ಬಾವುಟ ಇಳಿಸಿದ; ಅವನ ಕೈಕೆಳಗಿನ ಅಧಿಕಾರಿಗಳು ಒಪ್ಪದೆ ತೋಪು ಹಾರಿಸುತ್ತಲೇ ಇದ್ದು ಹಡಗನ್ನು ಉಳಿಸಿಕೊಂಡರು. ಫ್ರೆಂಚರಲ್ಲಿ 178, ಇಂಗ್ಲಿಷರಲ್ಲಿ 77 ಸಾವು.

ಇದೇ ತಿಂಗಳ ಕೊನೆಯಲ್ಲಿ, ಸಫ್ರೆನ್‌ನನ್ನು ಕಾಣಲು ಹೈದರ್ ದೊಡ್ಡ ಸೈನ್ಯದೊಂದಿಗೆ ಕಡಲೂರಿನ ಹತ್ತಿರಕ್ಕೆ ಬಂದ. ಆ ಭೇಟಿಯಲ್ಲಿ ನೆಲದ ಮೇಲೆ ಕೂರಲು ತ್ರಾಸಪಡುತ್ತಿದ್ದ ಸ್ಥೂಲಕಾಯನಿಗೆ ಹೈದರ್ ದಿಂಬುಗಳನ್ನು ತರಿಸಿಕೊಟ್ಟನಂತೆ. ಒಬ್ಬನಿಗೆ ಅರವತ್ತು ದಾಟಿ ಬೆನ್ನಿನ ವ್ರಣ ಕಾಡುತ್ತಿತ್ತು. ಇನ್ನೊಬ್ಬನಿಗೆ ತನ್ನ ಕಪ್ತಾನರ ಮೇಲೆಯೇ ಭರವಸೆಯಿರಲಿಲ್ಲ. ಅವರಿಬ್ಬರು ದುಭಾಷಿಯ ಮೂಲಕ ಮಾತನಾಡುತ್ತ ಕುಳಿತ ಆ ಚಿತ್ರ ನನ್ನ ಮನಸ್ಸಿನಿಂದ ಮರೆಯಾಗುವುದಿಲ್ಲ.

ಸಫ್ರೆನ್ ಆಗಸ್ಟ್ ಕೊನೆಗೆ ಟ್ರಿಂಕೋಮಲಿಯನ್ನು ವಶಪಡಿಸಿಕೊಂಡ. ಮದರಾಸಿನ ತೀರದಲ್ಲಿ ಹಡಗಿಗೆ ಆಸರೆಯಿಲ್ಲ. ಹಿಂಗಾರಿನ ಬಿರುಗಾಳಿ ಬಂದರೆ ಓಡಿಹೋಗಬೇಕು. ಟ್ರಿಂಕೋಮಲಿಯಲ್ಲಿ ಇಡೀ ನೌಕಾದಳ ನಿಲ್ಲಬಹುದು. ಸೆಪ್ಟೆಂಬರ್ 3ರಂದು ಅದರ ಎದುರೇ ನಾಲ್ಕನೆಯ ಕಾಳಗ: ಸಫ್ರೆನ್‌ಗೆ ಹದಿನಾಲ್ಕು, ಹ್ಯೂಸನಿಗೆ ಹನ್ನೆರಡು. ಮತ್ತೆ ಅದೇ ಕಥೆ. ಎರೋ ಹಡಗು ಬಹುಮಟ್ಟಿಗೆ ಒಂಟಿಯಾಗಿ ಶತ್ರುಗಳ ನಡುವೆ ಸಿಕ್ಕಿ, ಅದರ ನಡುವಣ ಕೂವೆಮರ ಬಾವುಟದೊಡನೆ ಉರುಳಿತು. ಬಳಿಕ ಹಲವು ಕಪ್ತಾನರನ್ನು ಅವನು ಹುದ್ದೆಯಿಂದ ಬಿಡಿಸಿ ಕಳುಹಿಸಿದ.

ಹೈದರ್ ಆ ವರ್ಷ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ ತೀರಿಕೊಂಡ. ಇನ್ನೆಷ್ಟು ಇಂಗ್ಲಿಷ್ ಪಡೆಗಳನ್ನು ಸೋಲಿಸಿದರೂ ಪ್ರಯೋಜನವಿಲ್ಲ, ನೆಲದ ಮೇಲಿನ ಅವರ ಬಲವನ್ನು ಹಾಳುಮಾಡಬಲ್ಲೆ, ಕಡಲನ್ನು ಬತ್ತಿಸಲಾರೆ ಎಂಬರ್ಥದ ಮಾತನ್ನು ಅವನು ಪೂರ್ಣಯ್ಯನವರ ಮುಂದೆ ಆಡಿದನೆಂದು ವಿಲ್ಕ್ಸ್ ದಾಖಲಿಸಿದ್ದಾನೆ. ವಿಲ್ಕ್ಸ್ ಎದುರಾಳಿಯ ಕಡೆಯವನು, ಅವನ ಎಲ್ಲ ಮಾತನ್ನೂ ನಾನು ನಂಬುವುದಿಲ್ಲ. ಈ ಮಾತನ್ನು ಮಾತ್ರ ನಂಬುತ್ತೇನೆ. ಮಂಗಳೂರಿನ ಹೊಗೆಯನ್ನೂ ದ’ಓರ್ವ್‌ನ ಬೆನ್ನನ್ನೂ ಕಂಡವನು ಬೇರೇನು ಹೇಳಬಲ್ಲ?

ಮರು ತಿಂಗಳಲ್ಲೇ ಅದು ಮತ್ತೊಮ್ಮೆ ನಿಜವಾಯಿತು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ಮುಂಬಯಿಯಿಂದ ಹಡಗುಗಳಲ್ಲಿ ಬಂದು ಕುಮಟಾ, ಹೊನ್ನಾವರಗಳ ಕರಾವಳಿಯಲ್ಲಿ ಇಳಿದು, ಘಟ್ಟವೇರಿ ಬಿದನೂರನ್ನು ಹಿಡಿದ. ಕಡಲಿನಲ್ಲಿ ಅವನನ್ನು ತಡೆಯಬಲ್ಲ ಮೈಸೂರು ನೌಕಾಪಡೆ ಇರಲಿಲ್ಲ. ಟಿಪ್ಪು ಪೂರ್ವದ ರಣರಂಗವನ್ನು ಬಿಟ್ಟು ಪಶ್ಚಿಮಕ್ಕೆ ಧಾವಿಸಬೇಕಾಯಿತು. ಬಿದನೂರನ್ನು ಮರಳಿ ಪಡೆದು, ಮೇ ತಿಂಗಳಲ್ಲಿ ಮಂಗಳೂರಿಗೆ ಮುತ್ತಿಗೆ ಹಾಕಿದ. ಅವನ ಜೊತೆ ಫ್ರೆಂಚ್ ತುಕಡಿಯೊಂದೂ ಇತ್ತು.

ಅತ್ತ ಜೂನ್ 20ರಂದು ಕಡಲೂರಿನ ಎದುರು ಐದನೆಯ ಕಾಳಗ. ಹ್ಯೂಸನಿಗೆ ಹದಿನೆಂಟು ಹಡಗುಗಳು, ಸಫ್ರೆನ್‌ಗೆ ಹದಿನೈದೇ. ಆದರೆ ಹ್ಯೂಸನ ನಾವಿಕರು ಹಸಿ ತರಕಾರಿ ಕಾಣದೆ ಸ್ಕರ್ವಿ ರೋಗದಿಂದ ನರಳುತ್ತಿದ್ದರು, ಕುಡಿಯುವ ನೀರೂ ಸಾಲದಾಗಿತ್ತು. ಫ್ರೆಂಚರಲ್ಲಿ 102, ಇಂಗ್ಲಿಷರಲ್ಲಿ 99 ಮಂದಿ ಸತ್ತರು. ಹ್ಯೂಸ್ ಮದರಾಸಿಗೆ ಸರಿದ. ಮುತ್ತಿಗೆಯಲ್ಲಿದ್ದ ಕಡಲೂರು ಬದುಕಿತು. ಇದೊಂದೇ ಸಫ್ರೆನ್‌ಗೆ ಬಯಸಿದ ಫಲ ಕೊಟ್ಟ ಕಾಳಗ.

ಕೆಲವೇ ದಿನಗಳಲ್ಲಿ ‘ಮಿಡಿಯಾ’ ಎಂಬ ಇಂಗ್ಲಿಷ್ ಹಡಗು ಬಿಳಿ ಬಾವುಟ ಹಾರಿಸುತ್ತ ಬಂತು. ಯುರೋಪಿನಲ್ಲಿ ಇಂಗ್ಲಿಷರೂ ಫ್ರೆಂಚರೂ ಪ್ರಾಥಮಿಕ ಒಪ್ಪಂದಕ್ಕೆ ಸಹಿ ಹಾಕಿದ್ದರು, ಜನವರಿ 20ರಂದೇ. ಕಡಲೂರಿನ ಎದುರು ಆ ಇನ್ನೂರಒಂದು ಮಂದಿ ಸಾಯುವಾಗ ಶಾಂತಿಗೆ ಸರಿಯಾಗಿ ಐದು ತಿಂಗಳಾಗಿತ್ತು. ಸುದ್ದಿಯೂ ಹಾಯಿಹಡಗಿನಲ್ಲಿಯೇ ಬರಬೇಕಲ್ಲ!

ಫ್ರೆಂಚರು ಕಾಳಗ ನಿಲ್ಲಿಸಿದರು. ಮಂಗಳೂರಿನ ಮುತ್ತಿಗೆಯಲ್ಲಿದ್ದ ಅವರ ತುಕಡಿ ಟಿಪ್ಪುವನ್ನು ಬಿಟ್ಟು ಹಿಂದೆ ಸರಿಯಿತು. ಅವನ ಕೋಪ ಎಷ್ಟಿದ್ದಿತೆಂದು ಊಹಿಸಬಹುದು. ಒಬ್ಬನೇ ಮುತ್ತಿಗೆ ಮುಂದುವರಿಸಿ, 1784ರ ಜನವರಿ 30ರಂದು ಕೋಟೆಯನ್ನು ಪಡೆದ. ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಯಿತು. ಗೆದ್ದ ನೆಲವನ್ನು ಇಬ್ಬರೂ ಮರಳಿಸಿದರು.

ಎರವಲು ಹಡಗಿನ ಪಾಡು ಟಿಪ್ಪುವಿಗೆ ಮರೆಯಲಿಲ್ಲ. 1796ರಲ್ಲಿ ಅವನು ನೌಕಾಪಡೆಗಾಗಿಯೇ ಒಂದು ಇಲಾಖೆ ಸ್ಥಾಪಿಸಿ, ಸುಮಾರು ನಲವತ್ತು ಯುದ್ಧನೌಕೆಗಳನ್ನು ಕಟ್ಟಲು ಆಜ್ಞೆ ಮಾಡಿದ. ಆ ನೌಕಾದಳ ಕಡಲಿಗಿಳಿದು ಕಾದುವ ಕಾಲ ಬರಲಿಲ್ಲ. 1799ರಲ್ಲಿ ಮುಂಬಯಿಯ ಸೈನ್ಯ ಎಂದಿನಂತೆ ಕಡಲ ದಾರಿಯಿಂದ ಬಂದು ಕಣ್ಣಾನೂರಿನಲ್ಲಿ ನೆರೆದು, ಕೊಡಗಿನ ಮೂಲಕ ಶ್ರೀರಂಗಪಟ್ಟಣದ ಕಡೆಗೆ ಘಟ್ಟವೇರಿತು.