ತಿದ್ದಿದ್ದೂ ಉಳಿಯಲಿ



ಶಾಲೆಯ ಹಾಜರಿ ಪುಸ್ತಕದಲ್ಲಿ ತಪ್ಪು ಬರೆದರೆ ಅದನ್ನು ಕೆರೆದು ಅಳಿಸುವಂತಿರಲಿಲ್ಲ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಸಹಿ ಮಾಡಬೇಕಿತ್ತು. ತಪ್ಪೂ ಕಾಣಬೇಕು, ತಿದ್ದಿದವರು ಯಾರೆಂಬುದೂ ಕಾಣಬೇಕು. ನಿಮ್ಮ ನೋಟ್ ಪುಸ್ತಕಗಳಿಗೂ ನಾನು ಇದೇ ನಿಯಮವನ್ನು ವಿಧಿಸಿದ್ದು ನಿಮಗೆ ನೆನಪಿರಬಹುದು. ಗಣಕಯಂತ್ರದ ಲೋಕ ಈ ನಿಯಮವನ್ನು ತನ್ನದೇ ದಾರಿಯಲ್ಲಿ ಕಂಡುಕೊಂಡ ಚರಿತ್ರೆಯನ್ನು ಇಂದು ಹೇಳಬೇಕೆನಿಸಿದೆ. ಅದಕ್ಕೊಂದು ಸ್ವಂತ ಕಾರಣವೂ ಇದೆ. ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ತಂತ್ರಾಂಶ ಬರೆಯುವವರು ದಿನವೂ ತಮ್ಮ ಬರಹವನ್ನು ತಿದ್ದುತ್ತಾರೆ. ನಿನ್ನೆ ಸರಿಯಾಗಿದ್ದುದು ಇಂದು ಕೆಟ್ಟರೆ, ನಡುವೆ ಏನು ಬದಲಾಯಿತೆಂದು ತಿಳಿಯಬೇಕು. 1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಮಾರ್ಕ್ ರಾಚ್‌ಕಿಂಡ್ ಇದಕ್ಕಾಗಿ ಎಸ್‌ಸಿಸಿಎಸ್ ಎಂಬ ವ್ಯವಸ್ಥೆಯನ್ನು ರಚಿಸಿದರು. ಪ್ರತಿ ಸಲವೂ ಇಡೀ ಕಡತವನ್ನು ನಕಲು ಮಾಡುವ ಬದಲು ವ್ಯತ್ಯಾಸವನ್ನಷ್ಟೇ ದಾಖಲಿಸುವುದು ಅದರ ಜಾಣ್ಮೆ. ಮುಂದೆ ಆಮ್‌ಸ್ಟರ್‌ಡ್ಯಾಮಿನ ವಿಶ್ವವಿದ್ಯಾಲಯವೊಂದರಲ್ಲಿ ಅಧ್ಯಾಪಕರಾಗಿದ್ದ ಡಿಕ್ ಗ್ರೂನ್ ತಮ್ಮ ಇಬ್ಬರು ವಿದ್ಯಾರ್ಥಿಗಳೊಡನೆ ಒಂದು ಕೆಲಸ ಮಾಡುತ್ತಿದ್ದರು. ಮೂವರ ಹೊತ್ತುಗಳೂ ಒಂದಕ್ಕೊಂದು ಕೂಡಿಬರುತ್ತಿರಲಿಲ್ಲ. ಆ ತೊಡಕಿನಿಂದ ಹುಟ್ಟಿದ ಸಿವಿಎಸ್ 1986ರಲ್ಲಿ ಎಲ್ಲರಿಗೂ ದೊರೆಯಿತು. ಗುರುಶಿಷ್ಯರ ಸಮಯದ ಪೇಚಾಟದಿಂದ ಲೋಕಕ್ಕೆ ಉಪಕಾರವಾದದ್ದು ನನಗೆ ಸಂತೋಷದ ಸಂಗತಿ!

ಇತ್ತ ಜಾಲದ ಕಥೆಯೇ ಬೇರೆ. 1991ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ವಿಶ್ವವ್ಯಾಪಿ ಜಾಲದಲ್ಲಿ ಒಂದು ಪುಟವನ್ನು ಕೇಳಿದರೆ ಸಾಮಾನ್ಯವಾಗಿ ದೊರೆಯುವುದು ಅದರ ಇಂದಿನ ರೂಪ ಮಾತ್ರ. ಒಡೆಯನು ನಿನ್ನೆಯದನ್ನು ಅಳಿಸಿ ಹೊಸದನ್ನಿಟ್ಟರೆ ಓದುಗನಿಗೆ ಗೆರೆಯೂ ಕಾಣದು, ಸಹಿಯೂ ಕಾಣದು. ಆದ್ದರಿಂದ ಪುಟಗಳನ್ನು ತಮ್ಮ ಯಂತ್ರಕ್ಕೆ ಇಳಿಸಿಕೊಳ್ಳುವ ಸಾಧನಗಳು ಬೇಕಾದವು. ಕ್ರೊಯೇಷಿಯಾದ ಹ್ರವೊಯೆ ನಿಕ್‌ಶಿಚ್ 1996ರಲ್ಲಿ ಹೊರತಂದ ಸಾಧನವು ಡಬ್ಲ್ಯುಗೆಟ್ ಎಂದು ಹೆಸರಾಯಿತು. ಸಂಪರ್ಕ ನಡುವೆ ಕಡಿದರೂ ಅದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಿಡಿದು ಹೋಗಿ ಇಡೀ ತಾಣವನ್ನೇ ತರಬಲ್ಲದು. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರಿಗೆ ವಿದೇಶಿ ಹಣದ ವಿನಿಮಯ ದರವನ್ನು ಜಾಲದಿಂದ ತಾನಾಗಿಯೇ ತರಿಸಿಕೊಳ್ಳಬೇಕಿತ್ತು. ಆ ಸಣ್ಣ ಅಗತ್ಯದಿಂದ ಬೆಳೆದ ಸಾಧನಕ್ಕೆ 1998ರಲ್ಲಿ ಕರ್ಲ್ ಎಂಬ ಹೆಸರು ಬಂದಿತು. ಇವೆರಡಕ್ಕೂ ಕಿಟಕಿ, ಗುಂಡಿಗಳ ಹಂಗಿಲ್ಲ. ಕೀಲಿಮಣೆಯಲ್ಲಿ ಒಂದು ಸಾಲಿನ ಆಜ್ಞೆ, ಅದರ ಮುಂದೆ ವಿಳಾಸ, ಅಷ್ಟೇ.

ಬರಿಯ ನಕಲು ಎಷ್ಟು ಉಪಯುಕ್ತವೆಂಬುದು 2009ರಲ್ಲಿ ತಿಳಿಯಿತು. ಸಾಮಾನ್ಯ ಜನರು ಲಕ್ಷಾಂತರ ಪುಟಗಳನ್ನು ಕಟ್ಟಿಕೊಂಡಿದ್ದ ಜಿಯೋಸಿಟೀಸ್ ತಾಣವನ್ನು ಅದರ ಒಡೆತನದ ಯಾಹೂ ಸಂಸ್ಥೆಯು ಆ ವರ್ಷದ ಅಕ್ಟೋಬರ್ 26ರಂದು ಅಮೆರಿಕದಲ್ಲಿ ಮುಚ್ಚಿತು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ತಂಡ ಹಗಲಿರುಳು ಪುಟಗಳನ್ನು ಇಳಿಸಿಕೊಂಡು, 600 ಗಿಗಾಬೈಟ್‌ಗೂ ಮಿಕ್ಕ ಸಂಗ್ರಹವನ್ನು ಉಳಿಸಿತು. ಆದರೆ ಅಲ್ಲಿ ಉಳಿದದ್ದು ಕೊನೆಗಾಲದ ರೂಪ. ಅದಕ್ಕೆ ಮುಂಚೆ ಆ ಪುಟಗಳು ಹೇಗೆ ಬದಲಾಗುತ್ತ ಬಂದವೆಂಬುದಲ್ಲ.

ಆ ಕೊರತೆಯನ್ನು ನೀಗುವ ಸಾಧನ ಆಗಲೇ ಹುಟ್ಟಿತ್ತು. ಲಿನಕ್ಸ್ ತಂಡವು ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ವ್ಯವಸ್ಥೆಯ ಉಚಿತ ಬಳಕೆಗೆ 2005ರಲ್ಲಿ ತಡೆ ಬಿದ್ದಾಗ, ಲಿನಸ್ ಟೊರ್ವಾಲ್ಡ್ಸ್ ಏಪ್ರಿಲ್ 3ರಂದು ಹೊಸದೊಂದನ್ನು ಬರೆಯತೊಡಗಿದರು. ಏಪ್ರಿಲ್ 7ರ ವೇಳೆಗೆ ಅದು ತನ್ನ ಚರಿತ್ರೆಯನ್ನು ತಾನೇ ದಾಖಲಿಸಿಕೊಳ್ಳುತ್ತಿತ್ತು. ಅದೇ ಗಿಟ್. ಅದರಲ್ಲಿ ಪ್ರತಿಯೊಂದು ದಾಖಲೆಗೂ ಅದರ ಒಳಗಿರುವುದನ್ನೇ ಲೆಕ್ಕ ಹಾಕಿ ಪಡೆದ ಒಂದು ಉದ್ದನೆಯ ಗುರುತುಸಂಖ್ಯೆ ಉಂಟು. ಹೊಸ ದಾಖಲೆಯು ಹಿಂದಿನದರ ಗುರುತನ್ನೂ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಹಳೆಯದರಲ್ಲಿ ಒಂದಕ್ಷರ ಕದಲಿಸಿದರೂ ಮುಂದಿನ ಗುರುತುಗಳೆಲ್ಲ ಬದಲಾಗುತ್ತವೆ.

ಇವೆರಡು ದಾರಿಗಳು ಕೂಡಿದರೆ ಏನಾಗುವುದೆಂಬುದಕ್ಕೆ ಒಂದು ನಿದರ್ಶನ. 2019ರಲ್ಲಿ ಕಾಳ್ಗಿಚ್ಚಿನ ಭಯದಿಂದ ಕ್ಯಾಲಿಫೋರ್ನಿಯಾದಲ್ಲಿ ವ್ಯಾಪಕವಾಗಿ ವಿದ್ಯುತ್ ಕಡಿತವಾಯಿತು. ವಿದ್ಯುತ್ ಕಂಪನಿಯ ಜಾಲತಾಣ ಆ ಕ್ಷಣದ ಸ್ಥಿತಿಯನ್ನು ತೋರಿಸುತ್ತಿತ್ತು. ಸೈಮನ್ ವಿಲ್ಲಿಸನ್ ಎಂಬ ತಂತ್ರಜ್ಞರು ಕೆಲವು ನಿಮಿಷಗಳಿಗೊಮ್ಮೆ ಆ ಮಾಹಿತಿಯನ್ನು ಇಳಿಸಿಕೊಂಡು ಗಿಟ್ ಭಂಡಾರಕ್ಕೆ ಸೇರಿಸುತ್ತ ಹೋದರು. ಎಲ್ಲಿ ಯಾವಾಗ ಕರೆಂಟು ಹೋಯಿತು, ಯಾವಾಗ ಬಂದಿತು ಎಂಬುದರ ದಿನಚರಿಯೇ ಸಿದ್ಧವಾಯಿತು. 2020ರಲ್ಲಿ ಅವರು ಈ ವಿಧಾನವನ್ನು ಗಿಟ್ ಸ್ಕ್ರೇಪಿಂಗ್ ಎಂದು ಕರೆದು ವಿವರಿಸಿದರು. ಕರ್ಲ್‌ನಿಂದ ತರುವುದು, ಗಿಟ್ ಆ್ಯಡ್ ಎಂದು ಆರಿಸುವುದು, ಗಿಟ್ ಕಮಿಟ್ ಎಂದು ಮುದ್ರೆಯೊತ್ತುವುದು. ಏನೂ ಬದಲಾಗದಿದ್ದರೆ ಸುಮ್ಮನಿರುವುದು.

ಈಗ ಸ್ವಂತ ಕಾರಣ. ನಾನು ಮೊದಲು ನೆನಪುಗಳನ್ನು ಬರೆಯುತ್ತಿದ್ದ ಉಚಿತ ತಾಣವೊಂದು ಮುಚ್ಚಿಹೋಗಿ ಬರಹಗಳೆಲ್ಲ ಮಾಯವಾದವು. ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿ ಗೋಳು ತೋಡಿಕೊಂಡೆ. “ಚಿಂತೆ ಮಾಡ್ಬೇಡಿ ಸಾರ್. ಪ್ರತಿ ಭಾನುವಾರ ನಿಮ್ಮ ಪುಟಗಳು ತಾವಾಗಿಯೇ ನನ್ನ ಕಂಪ್ಯೂಟರಿಗೆ ಇಳೀತಿದ್ವು” ಎಂದ. ಎಲ್ಲವೂ ಸಿಕ್ಕವು. ನಾನು ಮುಚ್ಚಿಟ್ಟದ್ದೂ ಸಿಕ್ಕಿತು.

ದಿವಂಗತರಾದ ಮುಖ್ಯೋಪಾಧ್ಯಾಯರೊಬ್ಬರು ಶುಲ್ಕ ಕಟ್ಟದ ಹುಡುಗನನ್ನು ಹೊರಗೆ ನಿಲ್ಲಿಸಿದ ಕಠಿಣರೆಂದು ನಾನು ಒಮ್ಮೆ ಬರೆದಿದ್ದೆ. ಅದೇ ಸಂಜೆ ಆ ಶುಲ್ಕವನ್ನು ಅವರೇ ಕಟ್ಟಿದ್ದರೆಂಬುದು ಆಮೇಲೆ ತಿಳಿದಾಗ, ಯಾರಿಗೂ ಹೇಳದೆ ಆ ಭಾಗವನ್ನು ಬದಲಿಸಿದ್ದೆ. ಭಂಡಾರದಲ್ಲಿ ಎರಡೂ ಇದ್ದವು, ದಿನಾಂಕ ಸಹಿತ.

“ಆ ಹಳೆಯದನ್ನು ತೆಗೆದುಬಿಡಪ್ಪ” ಎಂದೆ.

“ತೆಗೀಬಹುದು ಸಾರ್, ಆದ್ರೆ ಅಲ್ಲಿಂದ ಮುಂದಿನ ಗುರುತೆಲ್ಲ ಬದಲಾಗುತ್ತೆ. ಅಲ್ದೆ, ಕೆರೀಬೇಡಿ, ಗೆರೆ ಹೊಡೀರಿ ಅಂತ ಹೇಳಿಕೊಟ್ಟಿದ್ದು ನೀವೇ ಅಲ್ವಾ?”

ನನ್ನಲ್ಲಿ ಉತ್ತರವಿರಲಿಲ್ಲ. ಆ ಲೇಖನವನ್ನು ಮುಂದಿನ ವಾರ ಇಲ್ಲಿ ಮತ್ತೆ ಹಾಕುತ್ತೇನೆ. ಮೊದಲು ಬರೆದ ತಪ್ಪು, ತಿದ್ದಿದ ದಿನಾಂಕ, ಆ ಹಿರಿಯರಲ್ಲಿ ನಾನು ಕೇಳುವ ಕ್ಷಮೆ ಮೂರೂ ಅದರ ಜೊತೆಗಿರುತ್ತವೆ.