ಅಕ್ಷರದ ಆಳ

ಪುಟ ಜೋಡಿಸುವ ತಂತ್ರಾಂಶಕ್ಕೆ ಅಕ್ಷರದ ಆಕಾರ ಬೇಕಿಲ್ಲ, ಅಳತೆ ಸಾಕು. ಇದನ್ನು ಸ್ಪಷ್ಟವಾಗಿ ತೋರಿಸುವುದು ಡೊನಾಲ್ಡ್ ಕ್ನೂತ್ ಅವರ ‘ಟೆಕ್’. ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಎರಡನೇ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಕಂಡು ಬೇಸತ್ತ ಕ್ನೂತ್, 1977ರಲ್ಲಿ ಅದರ ಕೆಲಸಕ್ಕೆ ಕೈಹಾಕಿದರು. ಟೆಕ್‌ನಲ್ಲಿ ಪ್ರತಿ ಅಕ್ಷರವೂ ಒಂದು ಪೆಟ್ಟಿಗೆ. ಅದಕ್ಕೆ ಮೂರು ಅಳತೆ: ಅಗಲ, ಅಡಿಗೆರೆಯಿಂದ ಮೇಲಕ್ಕೆ ಎತ್ತರ, ಕೆಳಕ್ಕೆ ಆಳ. ಅಕ್ಷರಗಳು ಕೂಡಿ ಸಾಲಿನ ಪೆಟ್ಟಿಗೆ, ಸಾಲುಗಳು ಕೂಡಿ ಪುಟದ ಪೆಟ್ಟಿಗೆ.

ಸೀಸದ ಕಾಲದಲ್ಲಿ ಒಂದು ಗಾತ್ರದ ಮೊಳೆಗಳ ಮೈಯೆಲ್ಲ ಒಂದೇ ಅಳತೆ. ಅಗಲ ಮಾತ್ರ ಬೇರೆ ಬೇರೆ. ಟೆಕ್ ಎತ್ತರ, ಆಳಗಳನ್ನು ಬಿಡಿಸಿ ಅಳೆಯಿತು. ಅಂಗುಲಕ್ಕೆ 72.27 ಪಾಯಿಂಟು, ಒಂದು ಪಾಯಿಂಟಿನಲ್ಲಿ ಮತ್ತೆ 65,536 ಭಾಗ. ಆ ಒಂದು ಭಾಗ ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದಕ್ಕಿಂತಲೂ ಚಿಕ್ಕದು.

ಇಷ್ಟು ಸೂಕ್ಷ್ಮವಾದ ಅಳತೆಗೋಲಿಗೂ ಒಂದು ಮಿತಿಯಿತ್ತು. ಲೈಲ್ ರಾಮ್‌ಶಾ 1980ರಲ್ಲಿ ರೂಪಿಸಿದ ಅಳತೆ ಕಡತದಲ್ಲಿ ಒಂದು ಫಾಂಟಿಗೆ 256 ಅಗಲಗಳಿಗೆ ಜಾಗವಿದೆ. ಎತ್ತರಕ್ಕೆ 16, ಆಳಕ್ಕೆ 16 ಮಾತ್ರ. ರೋಮನ್ ಲಿಪಿಗೆ ಅಷ್ಟು ಧಾರಾಳ. ಅದರ ಸಣ್ಣಕ್ಷರಗಳಲ್ಲಿ ಅಡಿಗೆರೆಯ ಕೆಳಗೆ ಇಳಿಯುವವು ಬೆರಳೆಣಿಕೆಯಷ್ಟು. ಕ್ನೂತ್ ಅವರದೇ 10 ಪಾಯಿಂಟಿನ ಫಾಂಟಿನಲ್ಲಿ ‘ಜಿ’ ಅಕ್ಷರ ಇಳಿಯುವುದು ಸುಮಾರು 1.94 ಪಾಯಿಂಟು.

ಕನ್ನಡದ ಬದುಕೇ ಅಡಿಗೆರೆಯ ಕೆಳಗಿದೆ. ‘ಅಮ್ಮ’ ಎಂದರೂ ಒತ್ತು ಕೆಳಗಿಳಿಯುತ್ತದೆ. ‘ರಾಷ್ಟ್ರ’ದಲ್ಲಿ ಎರಡು ಒತ್ತುಗಳು. ಟೆಕ್‌ನ ಮೂಲ ಏರ್ಪಾಟಿನಲ್ಲಿ ಸಾಲಿನಿಂದ ಸಾಲಿಗೆ 12 ಪಾಯಿಂಟು. ಮೇಲಿನ ಸಾಲಿನ ಆಳ ಕೆಳಗಿನ ಸಾಲಿನ ಎತ್ತರಕ್ಕೆ ಒತ್ತಿಕೊಂಡರೆ ಅದು ಆ ಅಂತರವನ್ನು ಬಿಟ್ಟು, ಎರಡು ಪೆಟ್ಟಿಗೆಗಳ ನಡುವೆ 1 ಪಾಯಿಂಟು ಜಾಗವಿಡುತ್ತದೆ. ಹೀಗೆ ಒಂದು ಒತ್ತಕ್ಷರದಿಂದ ಇಡೀ ಪುಟದ ಲಯ ತಪ್ಪಬಹುದು. ನನ್ನ ಪಿಎಚ್‌.ಡಿ. ಪ್ರಬಂಧಕ್ಕೆ ಸಾಲಿನ ಅಂತರವನ್ನು ನಾನು ಹಿಗ್ಗಿಸಿಕೊಂಡಿರುವುದು ಇದಕ್ಕಾಗಿಯೇ.

‘ಕನ್ನಡ ಹೆಚ್ಚು ಜಾಗ ತಿನ್ನುತ್ತದೆ’ ಎಂಬ ದೂರನ್ನು ನಾವೂ ಆಡುತ್ತೇವೆ. ಯಾವುದಕ್ಕೆ ಹೋಲಿಸಿ ಹೆಚ್ಚು? 12 ಪಾಯಿಂಟು ಪ್ರಕೃತಿನಿಯಮವಲ್ಲ. ಇನ್ನೊಂದು ಲಿಪಿಯ ಮೈಗೆ ಹೊಲಿದ ಅಂಗಿ. ಆಳವನ್ನು ಬೇರೆಯಾಗಿ ಅಳೆಯಬೇಕೆಂಬ ಟೆಕ್‌ನ ವಿಚಾರ ಕನ್ನಡಕ್ಕೆ ಹೇಳಿಮಾಡಿಸಿದಂತಿದೆ. ಇಕ್ಕಟ್ಟಾದದ್ದು ಆ ಅಳತೆಗಳನ್ನು ತುಂಬಿಡುವ ಕೋಷ್ಟಕ. ತಂತ್ರಜ್ಞಾನದ ಚರಿತ್ರೆ ಬರೆಯುವವರು ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಇಲ್ಲವಾದರೆ ಕೋಷ್ಟಕದ ಕೊರತೆ ಲಿಪಿಯ ಕೊರತೆಯಾಗಿ ದಾಖಲಾಗಿಬಿಡುತ್ತದೆ.