ಗಣಕಯಂತ್ರವನ್ನು ಹೈ ಡೆಫಿನಿಷನ್ ಟಿ.ವಿ.ಗೆ ಜೋಡಿಸುವುದು: ತರಗತಿ ಕೊಠಡಿಗಳ ಬಳಕೆಗಾಗಿ ಮಾಹಿತಿ

ಶಾಲೆಗಳ ತರಗತಿ ಕೊಠಡಿಗಳಲ್ಲಿ, ಗ್ರಂಥಾಲಯಗಳಲ್ಲಿ ಹಾಗೂ ತರಬೇತಿ ಕೇಂದ್ರಗಳಲ್ಲಿ ಗಣಕಯಂತ್ರದ ಪಾಠಗಳನ್ನು ತೋರಿಸಲು ಪ್ರೊಜೆಕ್ಟರ್‌ಗೆ ಬದಲಾಗಿ ಹೈ ಡೆಫಿನಿಷನ್ ಟಿ.ವಿ.ಗಳನ್ನು ಬಳಸುವ ರೂಢಿಯಿದೆ. ಹೀಗೆ ಜೋಡಿಸಿದ ಟಿ.ವಿ.ಯಲ್ಲಿ ಚಲನಚಿತ್ರವು ಚೆನ್ನಾಗಿಯೇ ಕಾಣುತ್ತದೆ. ಅಕ್ಷರಗಳು ಮಾತ್ರ ಅನೇಕ ಬಾರಿ ಮಸುಕಾಗಿರುತ್ತವೆ. ಅಗ್ಗದ ಕೇಬಲ್ ಇದಕ್ಕೆ ಕಾರಣವೆಂದು ಭಾವಿಸಿ ದುಬಾರಿ ಕೇಬಲ್ ಖರೀದಿಸುವುದುಂಟು. ಬಹುತೇಕ ಸಂದರ್ಭಗಳಲ್ಲಿ ದೋಷವಿರುವುದು ಕೇಬಲ್‌ನಲ್ಲಿ ಅಲ್ಲ, ಗಣಕಯಂತ್ರ ಕಳುಹಿಸಿದ ಚಿತ್ರವನ್ನು ಟಿ.ವಿ.ಯು ಸಿನಿಮಾ ಎಂದೇ ಎಣಿಸಿ ತಿದ್ದುವುದರಲ್ಲಿ.

ಕನ್ನಡ ಲಿಪಿಗೆ ಈ ದೋಷವು ಹೆಚ್ಚು ಬಾಧಕವಾಗಿದೆ. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ ಇವುಗಳ ನಡುವಿನ ವ್ಯತ್ಯಾಸವು ಅಕ್ಷರದ ತಳದಲ್ಲಿರುವ ಒಂದು ಪುಟ್ಟ ಸೀಳು ಮಾತ್ರ. ಅದು ಕಾಣದಿದ್ದರೆ ಧನವು ದನವಾಗುತ್ತದೆ. ‘ರಾಷ್ಟ್ರ’, ‘ಶಾಸ್ತ್ರ’ಗಳಂತಹ ಪದಗಳಲ್ಲಿ ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಸೇರಿಕೊಳ್ಳುತ್ತವೆ. ಓದಲು ಕಲಿಯುತ್ತಿರುವ, ಕೊನೆಯ ಸಾಲಿನಲ್ಲಿ ಕುಳಿತಿರುವ ಮಗು ಇವುಗಳನ್ನು ಊಹಿಸಿ ಓದಬೇಕಾಗಬಾರದು.

ಸಂಪರ್ಕ ದ್ವಾರಗಳು

ಹಳೆಯ ಗಣಕಯಂತ್ರಗಳಲ್ಲಿ ಕಂಡುಬರುವ 15 ಪಿನ್‌ಗಳ ವಿಜಿಎ ದ್ವಾರವು 1987ರಲ್ಲಿ ಐಬಿಎಂ ಸಂಸ್ಥೆಯಿಂದ ಬಂದುದು. ಅದು ಅನಲಾಗ್ ಸಂಕೇತವನ್ನು ಒಯ್ಯುತ್ತದೆ, ಧ್ವನಿಯನ್ನು ಒಯ್ಯುವುದಿಲ್ಲ. 1999ರಲ್ಲಿ ಡಿವಿಐ, 2002ರ ಡಿಸೆಂಬರ್‌ನಲ್ಲಿ ಎಚ್‌ಡಿಎಂಐ ಬಂದವು. ಎಚ್‌ಡಿಎಂಐ ಒಂದೇ ಕೇಬಲ್‌ನಲ್ಲಿ ಚಿತ್ರ ಮತ್ತು ಧ್ವನಿ ಎರಡನ್ನೂ ಡಿಜಿಟಲ್ ರೂಪದಲ್ಲಿ ಸಾಗಿಸುವುದರಿಂದ, ಲಭ್ಯವಿದ್ದಲ್ಲಿ ಸಾಮಾನ್ಯವಾಗಿ ಇದನ್ನೇ ಬಳಸುವುದು ಸೂಕ್ತ. ಡಿವಿಐನ ಡಿಜಿಟಲ್ ಸಂಕೇತಕ್ಕೆ ಎಚ್‌ಡಿಎಂಐ ಸಂಕೇತದೊಡನೆ ಹೊಂದಾಣಿಕೆ ಇರುವುದರಿಂದ ಸಾಧಾರಣ ಅಡಾಪ್ಟರ್ ಸಾಕಾಗುತ್ತದೆ. ವಿಜಿಎಯಿಂದ ಎಚ್‌ಡಿಎಂಐಗೆ ಹೋಗಲು ಮಾತ್ರ ಸಂಕೇತವನ್ನು ಪರಿವರ್ತಿಸುವ ಸರ್ಕ್ಯೂಟ್ ಉಳ್ಳ ಸಾಧನವೇ ಬೇಕು. ಬರಿಯ ತಂತಿಯಿಂದ ಈ ಕೆಲಸವಾಗದು. ಯುಎಸ್‌ಬಿ-ಸಿ ದ್ವಾರವಿರುವ ಎಲ್ಲ ಲ್ಯಾಪ್‌ಟಾಪ್‌ಗಳೂ ಅದರ ಮೂಲಕ ಚಿತ್ರವನ್ನು ಕಳುಹಿಸುವುದಿಲ್ಲ. ಆದುದರಿಂದ ಖರೀದಿಗೆ ಮುನ್ನ ಕೈಪಿಡಿಯನ್ನು ನೋಡಿಕೊಳ್ಳತಕ್ಕದ್ದು.

ಡಿಜಿಟಲ್ ಸಂಕೇತವು ಕೇಬಲ್ ದುರ್ಬಲವಾಗಿದ್ದರೆ ಮಸುಕಾಗುವುದಿಲ್ಲ. ಪರದೆಯಲ್ಲಿ ಚುಕ್ಕೆಗಳು ಮಿನುಗುತ್ತವೆ ಅಥವಾ ಚಿತ್ರವು ನಿಂತುನಿಂತು ಬರುತ್ತದೆ. ಇಂತಹ ಲಕ್ಷಣಗಳಿಲ್ಲದಿದ್ದಲ್ಲಿ ಕೇಬಲ್ ಬದಲಾಯಿಸುವುದರಿಂದ ಅಕ್ಷರಗಳು ಸ್ಪಷ್ಟವಾಗುವುದಿಲ್ಲ.

ಚಿತ್ರಬಿಂದುಗಳ ಹೊಂದಾಣಿಕೆ

ಟಿ.ವಿ. ಪರದೆಯು ನಿಗದಿತ ಸಂಖ್ಯೆಯ ಪಿಕ್ಸೆಲ್‌ಗಳಿಂದ, ಅಂದರೆ ಚಿತ್ರಬಿಂದುಗಳಿಂದ ಕೂಡಿದೆ. ‘ಫುಲ್ ಎಚ್‌ಡಿ’ ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಬಿಂದುಗಳಿದ್ದರೆ, 4ಕೆ ಪರದೆಯಲ್ಲಿ 3840 ಮತ್ತು 2160 ಇರುತ್ತವೆ. ಗಣಕಯಂತ್ರದ ಒಂದು ಬಿಂದು ಪರದೆಯ ಒಂದೇ ಬಿಂದುವಿನ ಮೇಲೆ ಕುಳಿತಾಗ ಅಕ್ಷರದ ಅಂಚು ಹರಿತವಾಗಿರುತ್ತದೆ. ಆದುದರಿಂದ ಗಣಕಯಂತ್ರದ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಪರದೆಯ ಸ್ವಂತ ರೆಸಲ್ಯೂಷನ್ ಅನ್ನೇ ಆರಿಸತಕ್ಕದ್ದು. ಅಕ್ಷರಗಳು ಚಿಕ್ಕದಾಗಿ ಕಂಡರೆ ರೆಸಲ್ಯೂಷನ್ ಇಳಿಸುವ ಬದಲು ಅಕ್ಷರದ ಗಾತ್ರವನ್ನೋ ಸ್ಕೇಲಿಂಗ್ ಪ್ರಮಾಣವನ್ನೋ ಹೆಚ್ಚಿಸಬೇಕು.

ಇಷ್ಟಾದರೂ ಮಸುಕು ಉಳಿಯುವುದುಂಟು. ಹಿಂದಿನ ಪಿಕ್ಚರ್ ಟ್ಯೂಬ್ ಟಿ.ವಿ.ಗಳಲ್ಲಿ ಚಿತ್ರದ ಅಂಚು ಓರೆಕೋರೆಯಾಗಿರುತ್ತಿದ್ದುದರಿಂದ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ಚೌಕಟ್ಟಿನ ಹಿಂದೆ ಮರೆಮಾಡಲಾಗುತ್ತಿತ್ತು. ಓವರ್‌ಸ್ಕ್ಯಾನ್ ಎಂಬ ಈ ಪದ್ಧತಿಗೆ ಚಪ್ಪಟೆ ಪರದೆಯಲ್ಲಿ ಯಾವ ಕಾರಣವೂ ಇಲ್ಲದಿದ್ದರೂ ಅನೇಕ ಟಿ.ವಿ.ಗಳು ಅದನ್ನು ಇಂದಿಗೂ ಪಾಲಿಸುತ್ತವೆ. ಪರದೆಯ ಕೆಳಗಿನ ಟಾಸ್ಕ್‌ಬಾರ್ ಅರ್ಧ ಕತ್ತರಿಸಿದಂತೆ ಕಂಡರೆ ಓವರ್‌ಸ್ಕ್ಯಾನ್ ಚಾಲ್ತಿಯಲ್ಲಿದೆ ಎಂದು ತಿಳಿಯಬಹುದು. ಇದನ್ನು ಟಿ.ವಿ.ಯ ಚಿತ್ರಗಾತ್ರದ ಮೆನುವಿನಲ್ಲಿಯೇ ನಿಲ್ಲಿಸಬೇಕು. ತಯಾರಕರನ್ನು ಅನುಸರಿಸಿ ಈ ಆಯ್ಕೆಗೆ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’, ‘ಫುಲ್ ಪಿಕ್ಸೆಲ್’, ‘ಡಾಟ್ ಬೈ ಡಾಟ್’ ಮುಂತಾದ ಹೆಸರುಗಳಿವೆ. ಗಣಕಯಂತ್ರದ ಕಡೆಯಿಂದ ಚಿತ್ರವನ್ನು ಕುಗ್ಗಿಸಿ ಸರಿಪಡಿಸುವ ಕ್ರಮವು ಯೋಗ್ಯವಲ್ಲ. ಒಮ್ಮೆ ಕುಗ್ಗಿ ಮತ್ತೊಮ್ಮೆ ಹಿಗ್ಗಿದ ಅಕ್ಷರವು ಇನ್ನಷ್ಟು ಕೆಡುತ್ತದೆ.

‘ಎಚ್‌ಡಿ ರೆಡಿ’ ಎಂದು ಮಾರಾಟವಾದ ಅನೇಕ ಟಿ.ವಿ.ಗಳ ಪರದೆಯು 1366 ಮತ್ತು 768 ಬಿಂದುಗಳದ್ದು. ಎಚ್‌ಡಿಎಂಐ ಮೂಲಕ ಇವು ಸಾಮಾನ್ಯವಾಗಿ 1280x720 ಅಥವಾ 1920x1080 ಚಿತ್ರವನ್ನು ಪಡೆದು ತಮ್ಮ ಅಳತೆಗೆ ಬದಲಿಸಿಕೊಳ್ಳುತ್ತವೆ. ಇಂತಹ ಟಿ.ವಿ.ಯಲ್ಲಿ ವಿಜಿಎ ದ್ವಾರವಿದ್ದು ಅದು 1360x768 ಚಿತ್ರವನ್ನು ಸ್ವೀಕರಿಸಿದರೆ, ಹಳೆಯ ವಿಜಿಎಯಲ್ಲಿಯೇ ಅಕ್ಷರಗಳು ಹೆಚ್ಚು ಸ್ಪಷ್ಟವಾಗಿ ಕಾಣಬಹುದು. ಎರಡನ್ನೂ ಹೋಲಿಸಿ ನೋಡುವುದು ಒಳಿತು.

4ಕೆ ಟಿ.ವಿ.ಯಲ್ಲಿ ಮೌಸ್‌ನ ಬಾಣವು ತಡೆತಡೆದು ಚಲಿಸಿದರೆ ಸಂಕೇತವು ಸೆಕೆಂಡಿಗೆ 30 ಚಿತ್ರಗಳಂತೆ ಬರುತ್ತಿರಬಹುದು. 60 ಚಿತ್ರಗಳಿಗೆ ಎಚ್‌ಡಿಎಂಐ 2.0 (2013) ಅಥವಾ ನಂತರದ ಆವೃತ್ತಿಯು ಎರಡೂ ಕಡೆ ಇರಬೇಕು.

ಬಣ್ಣ ಮತ್ತು ಬೆಳಕು

ಚಲನಚಿತ್ರದಲ್ಲಿ ಬೆಳಕಿನ ವಿವರಗಳಿಗಿಂತ ಬಣ್ಣದ ವಿವರಗಳು ಕಡಿಮೆಯಿದ್ದರೂ ಕಣ್ಣಿಗೆ ತಿಳಿಯುವುದಿಲ್ಲ. ಈ ಕಾರಣದಿಂದ ಅನೇಕ ಟಿ.ವಿ.ಗಳು ಅಕ್ಕಪಕ್ಕದ ಬಿಂದುಗಳಿಗೆ ಒಂದೇ ಬಣ್ಣವನ್ನು ಹಂಚುತ್ತವೆ. ಬಿಳಿಯ ಮೇಲಿನ ಕಪ್ಪು ಅಕ್ಷರಕ್ಕೆ ಇದರಿಂದ ಬಾಧೆ ಕಡಿಮೆ. ನೀಲಿಯ ಮೇಲಿನ ಕೆಂಪು ಅಕ್ಷರವಾದರೋ ಹರಡಿ ಕಲಸಿದಂತಾಗುತ್ತದೆ. ಪಾಠದ ಪುಟಗಳಲ್ಲಿ ಇಂತಹ ಬಣ್ಣಗಳು ಅಪರೂಪವಲ್ಲ. ಟಿ.ವಿ.ಯ ಇನ್‌ಪುಟ್ ಪಟ್ಟಿಯಲ್ಲಿ ಆ ದ್ವಾರದ ಹೆಸರನ್ನು ‘ಪಿಸಿ’ ಎಂದು ಬದಲಿಸಿದರೆ ಕೆಲವು ಟಿ.ವಿ.ಗಳು ಬಣ್ಣದ ವಿವರಗಳನ್ನು ಪೂರ್ಣವಾಗಿ ತೋರಿಸುತ್ತವೆ.

ಕಪ್ಪು ಬಣ್ಣವು ಬೂದಿಯಂತೆ ಕಂಡರೆ ಅಥವಾ ಗಾಢ ಚಿತ್ರಗಳ ವಿವರ ಮುಳುಗಿಹೋದರೆ, ಬೆಳಕಿನ ಶ್ರೇಣಿಯಲ್ಲಿ ಹೊಂದಾಣಿಕೆ ತಪ್ಪಿದೆ ಎಂದರ್ಥ. ಗಣಕಯಂತ್ರವು 0ಯಿಂದ 255ರವರೆಗಿನ ಅಂಕಗಳನ್ನು ಬಳಸಿದರೆ ಟಿ.ವಿ. ಪದ್ಧತಿಯು 16ರಿಂದ 235ರವರೆಗಿನದನ್ನು ಬಳಸುತ್ತದೆ. ಎರಡೂ ಕಡೆ ಒಂದೇ ಶ್ರೇಣಿಯನ್ನು ಆರಿಸಬೇಕು. ಅಕ್ಷರದ ಸುತ್ತ ಬಿಳಿಯ ಗೆರೆ ಕಂಡರೆ ‘ಶಾರ್ಪ್‌ನೆಸ್’ ಅನ್ನು ಆ ಗೆರೆ ಮಾಯವಾಗುವವರೆಗೆ ಇಳಿಸಬೇಕು. ಅಂಗಡಿಯಲ್ಲಿ ಗ್ರಾಹಕರ ಕಣ್ಸೆಳೆಯಲೆಂದು ರೂಪಿಸಿದ ‘ಡೈನಾಮಿಕ್’ ಚಿತ್ರವಿಧಾನದಿಂದ ತರಗತಿಗೆ ಯಾವ ಉಪಕಾರವೂ ಇಲ್ಲ.

ಪರೀಕ್ಷೆ ಮತ್ತು ಎಚ್ಚರಿಕೆ

ದ, ಧ, ಪ, ಫ, ಬ, ಭ ಅಕ್ಷರಗಳನ್ನೂ ‘ರಾಷ್ಟ್ರ’ ಪದವನ್ನೂ ಪಾಠದಲ್ಲಿ ಬಳಸುವ ಗಾತ್ರದಲ್ಲಿ, ಒಮ್ಮೆ ಕಪ್ಪಿನಲ್ಲಿ, ಒಮ್ಮೆ ನೀಲಿಯ ಮೇಲೆ ಕೆಂಪಿನಲ್ಲಿ ಟೈಪ್ ಮಾಡಿ ಕೊನೆಯ ಬೆಂಚಿನಿಂದ ಓದಿ ನೋಡಬೇಕು. ಹತ್ತಿರದಿಂದ ಸ್ಪಷ್ಟವಾಗಿದ್ದು ದೂರದಿಂದ ಕಾಣದಿದ್ದರೆ ಅಕ್ಷರದ ಗಾತ್ರ ಹೆಚ್ಚಿಸಬೇಕು. ಹತ್ತಿರದಿಂದಲೂ ಮಸುಕಾಗಿದ್ದರೆ ಮೇಲ್ಕಂಡ ಸೆಟ್ಟಿಂಗ್‌ಗಳನ್ನು ಮತ್ತೊಮ್ಮೆ ಪರಿಶೀಲಿಸಬೇಕು.

ಅರ್ಥಿಂಗ್ ಸರಿಯಿಲ್ಲದ ಕಟ್ಟಡಗಳಲ್ಲಿ ಉಪಕರಣಗಳ ಲೋಹದ ಭಾಗದಲ್ಲಿ ಸೋರಿಕೆ ವಿದ್ಯುತ್ ಇರುವ ಸಂಭವವಿದೆ. ಆದುದರಿಂದ ಕೇಬಲ್ ಜೋಡಿಸುವಾಗ ಗಣಕಯಂತ್ರ ಹಾಗೂ ಟಿ.ವಿ. ಎರಡರ ಪ್ಲಗ್‌ಗಳನ್ನೂ ತೆಗೆದಿರಬೇಕು. ಇಲ್ಲವಾದಲ್ಲಿ ದ್ವಾರಗಳು ಸುಟ್ಟುಹೋಗಬಹುದು. ಅನೇಕ ಟಿ.ವಿ.ಗಳು ಸೆಟ್ಟಿಂಗ್‌ಗಳನ್ನು ಪ್ರತಿ ದ್ವಾರಕ್ಕೂ ಪ್ರತ್ಯೇಕವಾಗಿ ಉಳಿಸಿಕೊಳ್ಳುವುದರಿಂದ ಬೇರೆ ದ್ವಾರಕ್ಕೆ ಬದಲಿಸಿದಾಗ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕಾಗುತ್ತದೆ. ಬಳಸಿದ ದ್ವಾರ, ರೆಸಲ್ಯೂಷನ್ ಮತ್ತು ಚಿತ್ರವಿಧಾನಗಳನ್ನು ಒಂದು ಚೀಟಿಯಲ್ಲಿ ಬರೆದು ಟಿ.ವಿ.ಯ ಹಿಂಬದಿಯಲ್ಲಿ, ಗಾಳಿಯ ರಂಧ್ರಗಳನ್ನು ಬಿಟ್ಟು, ಅಂಟಿಸುವುದು ಅನುಕೂಲಕರ.